ಸೋದೆಗೆ ಮತ್ತೊಂದು ಅರಮನೆ ಯಾಕೆ?

ಬೀಜಿಂಗಿನ ಯಿಹೆಯುವಾನ್ ಅರಮನೆ ತೋಟದಲ್ಲಿ ಯೂಲಾನ್‌ತಾಂಗ್ ಎಂಬ ಚೌಕಿಮನೆಯೊಂದಿದೆ. ಸರೋವರದ ದಂಡೆಗೇ ಹೊಂದಿಕೊಂಡ ಜಾಗ, ಸುತ್ತ ಮಾಡು, ನಡುವೆ ಕಲ್ಲು ಹಾಸಿದ ಅಂಗಳ. ಕಟ್ಟಿದ ಹೊಸತರಲ್ಲಿ ಇದು ಎಲ್ಲ ಕಡೆಗೂ ದಾರಿಯಿದ್ದ ಮನೆ. ಪೂರ್ವದ ಕೋಣೆ ಹಾಯ್ದರೆ ದರ್ಬಾರಿನ ಮನೆ, ಪಶ್ಚಿಮದ ಕೋಣೆ ಹಾಯ್ದರೆ ನೀರಿನ ದಂಡೆ, ಹಿಂಬಾಗಿಲಿನಿಂದ ಹೊರಟರೆ ರಾಣಿಯ ಬಿಡಾರ. 1898ರಲ್ಲಿ ಚಕ್ರವರ್ತಿ ಗುವಾಂಗ್‌ಶೂ ಆಡಳಿತ ಸುಧಾರಿಸುತ್ತೇನೆಂದು ಹೊರಟ. 103 ದಿನಕ್ಕೆ ಅವನ ಆಟ ಮುಗಿಯಿತು. ಅಧಿಕಾರವನ್ನು ಕೈಯಲ್ಲಿಟ್ಟುಕೊಂಡಿದ್ದ ದೊಡ್ಡಮ್ಮ ತ್ಸಿಶಿ ಅವನನ್ನು ಮನೆಯೊಳಗೇ ಕೂಡಿಹಾಕಿದಳು. ಬೇಸಿಗೆಯಲ್ಲಿ ತಾನು ತೋಟಕ್ಕೆ ಬಂದಾಗ ಅವನನ್ನೂ ಕರೆತಂದು ಈ ಚೌಕಿಮನೆಯಲ್ಲಿ ಇಡುತ್ತಿದ್ದಳು. ಅದಕ್ಕಾಗಿ ಅಂಗಳದಿಂದ ಹೊರಗೆ ಹೋಗುವ ದಾರಿಗಳಿಗೆಲ್ಲ ಇಟ್ಟಿಗೆ ಗೋಡೆ ಎದ್ದಿತು. ಇಂದಿಗೂ ಪಕ್ಕದ ಕೋಣೆಯ ಬಾಗಿಲು ದಾಟಿದರೆ ಎರಡು ಹೆಜ್ಜೆಗೆ ಆ ಗೋಡೆ ಎದುರಾಗುತ್ತದೆ. ಬಾಗಿಲಿಗೆ ಬಣ್ಣವಿದೆ, ಕಿಟಕಿಗೆ ಕೆತ್ತನೆಯಿದೆ, ಒಳಗೆ ಬರಿ ಇಟ್ಟಿಗೆ.

ಆ ಗೋಡೆಯ ಫೋಟೋ ಮೊದಲ ಸಲ ನೋಡಿದಾಗ ನನಗೆ ನೆನಪಾದದ್ದು ಚೀನಾ ಅಲ್ಲ, ನಮ್ಮನೆ ಅಂಗಳ. ಸಿದ್ದಾಪುರ ತಾಲೂಕಿನ ಕೇರಿಯೊಂದರಲ್ಲಿ ನಮ್ಮ ಹಳೆಯ ಮನೆ. ಅಪ್ಪ, ಚಿಕ್ಕಪ್ಪಂದಿರು ಹಿಸೆಯಾದಾಗ ತೋಟ ಹಂಚಿಕೊಂಡರು, ಸೊಪ್ಪಿನ ಬೆಟ್ಟ ಹಂಚಿಕೊಂಡರು, ತಾಮ್ರದ ಹಂಡೆಗಳನ್ನು ಎಣಿಸಿ ಹಂಚಿಕೊಂಡರು. ಕೊನೆಗೆ ಅಂಗಳದ ನಡುವೆ ಚಿರೆಕಲ್ಲಿನ ಗೋಡೆ ಬಂತು. ತುಳಸಿಕಟ್ಟೆ ಯಾರ ಕಡೆಗೆ ಎಂಬುದೇ ಮೂರು ದಿನದ ಪಂಚಾಯ್ತಿ. ಆ ಗೋಡೆಯ ಕತೆಗೆ ಆಮೇಲೆ ಬರುತ್ತೇನೆ.

ಮೊದಲು ಸೋದೆಯ ಮಾತು. ಶಿರಸಿ, ಸಿದ್ದಾಪುರ, ಯಲ್ಲಾಪುರದ ನಮಗೆ ಅರಮನೆ ಎಂದರೆ ಸೋದೆಯೇ. ಸ್ವಾದಿ, ಸೋಂದಾ, ಸುಧಾಪುರ, ಹೇಗೆ ಕರೆದರೂ ಅದೇ ಊರು. ಅಲ್ಲಿಗೆ ಹೋಗಿಬಂದ ಹೆಚ್ಚಿನವರ ಬಾಯಲ್ಲಿ ಒಂದೇ ಮಾತು: "ಎಂಥ ರಾಜಧಾನಿ, ಈಗ ನೋಡಲಿಕ್ಕೆ ಏನೂ ಇಲ್ಲ. ಸರ್ಕಾರ ಮನಸ್ಸು ಮಾಡಿದರೆ ಮತ್ತೆ ಕಟ್ಟಬಹುದಿತ್ತು." ಈ ಮಾತಿನ ಹಿಂದಿನ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಮಾತು ತಪ್ಪು ಎಂದೇ ನನ್ನ ವಾದ. ಸೋದೆಯಲ್ಲಿ ಅರಮನೆ ಕಟ್ಟಬಾರದು. ಉಳಿಸಬೇಕಾದದ್ದು ಬೇರೆಯೇ ಇದೆ, ಅದು ನಮ್ಮ ಕಣ್ಣೆದುರೇ ಹೋಗುತ್ತಿದೆ.

ಸೋದೆಯ ನಾಯಕರು ಹದಿನಾರನೆಯ ಶತಮಾನದ ನಡುವಿನಿಂದ ಎರಡು ನೂರು ವರ್ಷ ಈ ಸೀಮೆ ಆಳಿದರು. ಮೊದಲು ವಿಜಯನಗರದ ಕೈಕೆಳಗೆ, ಆಮೇಲೆ ಬಿಜಾಪುರ, ಕೆಳದಿ, ಮರಾಠರ ನಡುವೆ ನುಸುಳಿಕೊಂಡು. ಅರಸಪ್ಪ ನಾಯಕನ ಕಾಲದಲ್ಲಿ ವಾದಿರಾಜರು ಇಲ್ಲಿ ನೆಲೆ ನಿಂತರು. ಮಾಧ್ವರ ವಾದಿರಾಜ ಮಠ, ಸ್ಮಾರ್ತರ ಸ್ವರ್ಣವಲ್ಲಿ ಮಠ, ಜೈನರ ಸ್ವಾದಿ ಮಠ ಮೂರೂ ಒಂದೇ ಊರಿನ ಆಸುಪಾಸಿನಲ್ಲಿವೆ, ಅರಸರೋ ವೀರಶೈವರು. ಹದಿನೇಳನೆಯ ಶತಮಾನದ ಕೊನೆಗೆ ಆಳಿದ ಸದಾಶಿವರಾಯ ಕನ್ನಡದಲ್ಲಿ ಸ್ವರವಚನ ಬರೆದವನು. ಶಾಲ್ಮಲೆಯ ಹರಿವಿನಲ್ಲಿ ಬಂಡೆ ಬಂಡೆಗೂ ಲಿಂಗ ಕಡೆಸಿದ ಸಹಸ್ರಲಿಂಗವನ್ನೂ ಜನ ಅವನ ಹೆಸರಿಗೇ ಹೇಳುತ್ತಾರೆ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ. ಅದರ ಬೆನ್ನಿಗೇ ಸೋದೆಯೂ ಹೋಯಿತು. ಇಮ್ಮಡಿ ಸದಾಶಿವರಾಯ ಘಟ್ಟ ಇಳಿದು ಪೋರ್ತುಗೀಸರ ಆಸರೆಗೆ ಹೋದ. ಗೋವಾದ ಫೋಂಡಾ ಹತ್ತಿರದ ಬಾಂದೋಡೆಯಲ್ಲಿ ಆ ಮನೆತನ ಕಟ್ಟಿಕೊಂಡ ವಾಸದ ಮನೆಗೆ ಇಂದಿಗೂ ಸೋದೆಯ ಹೆಸರೇ ಅಂಟಿಕೊಂಡಿದೆ. ಹೀಗಾಗಿ ಸೋದೆಯ ಅರಮನೆ ಎಲ್ಲಿ ಎಂದು ಕೇಳಿದರೆ ಸರಿಯಾದ ಉತ್ತರ ಗೋವಾದಲ್ಲಿ ಎಂದಾದೀತು!

ಸೋದೆಯಲ್ಲಿ ಉಳಿದದ್ದು ಕೋಟೆಯ ಗೋಡೆಯ ತುಂಡುಗಳು, ಕೆತ್ತಿದ ಬಾಗಿಲ ಕಂಬಗಳು, ಉದ್ದನೆಯ ಫಿರಂಗಿ, ಮತ್ತು ಒಂದು ಕಲ್ಲಿನ ಪೀಠ. ಪೀಠವನ್ನು ಹತ್ತಿರ ನಿಂತು ನೋಡಬೇಕು. ಸುಮಾರು 12 ಅಡಿ ಚೌಕದ ಒಂದೇ ಚಪ್ಪಡಿ, ಅರ್ಧ ಅಡಿ ದಪ್ಪ, ಕುಸುರಿಯ ಗಿಡ್ಡ ಕಂಬಗಳ ಮೇಲೆ ಕೂತಿದೆ. ಅರಸರ ಸಿಂಹಾಸನ ಅನ್ನುವುದು ಊರವರ ಮಾತು. ಬ್ರಿಟಿಷರ 1883ರ ಕೆನರಾ ಗೆಜೆಟಿಯರ್ ಬರೆದವರೂ ಇದನ್ನು ನೋಡಿ ಬೆರಗಾಗಿದ್ದಾರೆ. ಮೇಲ್ಮೈ ಎಷ್ಟು ಸಪಾಟಾಗಿದೆಯೆಂದರೆ ಮಳೆ ಬಿದ್ದಾಗ ನೀರು ಯಾವ ಕಡೆ ಇಳಿಯಬೇಕೆಂದು ಗೊತ್ತಾಗದೆ ಅಲ್ಲೇ ನಿಲ್ಲುತ್ತದೆ. ಇದರ ಮೇಲೆ ಎಂಥ ಮಾಡಿತ್ತು, ಕಂಬಗಳು ಹೊನ್ನೆಯವೋ ಸಾಗವಾನಿಯವೋ, ಅಂಗಳ ಯಾವ ಮಗ್ಗುಲಿಗೆ, ಇದನ್ನು ಕಲ್ಲು ಹೇಳುವುದಿಲ್ಲ. ಮರ ಮಣ್ಣಾಗಿ ಇನ್ನೂರೈವತ್ತು ಮಳೆಗಾಲ ಕಳೆದಿವೆ.

ಇಲ್ಲೊಂದು ಸ್ವಾರಸ್ಯವಿದೆ. ಬನವಾಸಿಯ ಮಧುಕೇಶ್ವರನಿಗೆ ಸೋದೆಯ ಅರಸರು ಒಪ್ಪಿಸಿದ ಕಲ್ಲಿನ ಮಂಚ ಇಂದಿಗೂ ಅಲುಗದೆ ನಿಂತಿದೆ. ಮರದ ಮಂಚಕ್ಕೆ ಕೆತ್ತುವ ಕುಸುರಿಯನ್ನೆಲ್ಲ ಕಲ್ಲಿಗೆ ಇಳಿಸಿದ ಕೆಲಸ ಅದು. ದೇವರ ಮಂಚ ಕಲ್ಲಿನದು, ಅದನ್ನು ಕೊಟ್ಟ ಅರಸ ಮಲಗಿದ ಮಂಚ ಮರದ್ದು. ಹಂಪಿಯಲ್ಲೂ ಇದೇ ಲೆಕ್ಕ: ಗುಡಿಗಳು ನಿಂತಿವೆ, ಅರಮನೆಗಳದ್ದು ತಳಪಾಯ ಮಾತ್ರ. ತಮ್ಮ ಮನೆ ಶಾಶ್ವತವಲ್ಲ ಎಂದು ನಮ್ಮ ಅರಸರು ಒಪ್ಪಿಕೊಂಡೇ ಕಟ್ಟಿದಂತಿದೆ. ಈಗ ನಾವು ಸಿಮೆಂಟಿನಲ್ಲಿ ಅದನ್ನು ಶಾಶ್ವತ ಮಾಡಹೊರಟರೆ ಅವರಿಗಿಂತ ಹೆಚ್ಚು ಅರಸರಾಗುತ್ತೇವೆ, ಅಷ್ಟೆ.

ಮತ್ತೆ ಕಟ್ಟಿದ ಅರಮನೆಗೆ ಏನಾಗುತ್ತದೆ ಎಂಬುದಕ್ಕೆ ಚೀನಾದ ಆ ತೋಟಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ. 1750ರಲ್ಲಿ ಚಿಯಾನ್‌ಲಾಂಗ್ ಚಕ್ರವರ್ತಿ ತಾಯಿಯ ಅರವತ್ತನೆಯ ಹುಟ್ಟುಹಬ್ಬದ ನೆಪದಲ್ಲಿ ಅದನ್ನು ಕಟ್ಟಿಸತೊಡಗಿದ. 1860ರಲ್ಲಿ ಬ್ರಿಟಿಷ್ ಸೈನ್ಯ ಪಕ್ಕದ ಯುವಾನ್‌ಮಿಂಗ್‌ಯುವಾನ್ ತೋಟವನ್ನೂ ಇದನ್ನೂ ಸುಟ್ಟಿತು. ಆ ಸೈನ್ಯದಲ್ಲಿ ಸಿಖ್ ಸಿಪಾಯಿಗಳಿದ್ದರು, ಹಿಂದೂಸ್ತಾನದ ಕುದುರೆ ಪಡೆಗಳಿದ್ದವು; ಇದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಸುಡಲು ಅಪ್ಪಣೆ ಕೊಟ್ಟ ಲಾರ್ಡ್ ಎಲ್ಗಿನ್ 1862ರಲ್ಲಿ ವೈಸರಾಯ್ ಆಗಿ ಇಲ್ಲಿಗೇ ಬಂದ. ಅದೇ ವರ್ಷ ನಮ್ಮ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ಕಿತ್ತು ಮುಂಬಯಿಗೆ ಸೇರಿಸಿದರು. ಬೀಜಿಂಗಿನ ಬೆಂಕಿಗೂ ಶಿರಸಿಯ ಕಾಗದ ಪತ್ರಕ್ಕೂ ನಡುವೆ ಅಂತರ ನಾವಂದುಕೊಂಡಷ್ಟಿಲ್ಲ.

ಸುಟ್ಟದ್ದನ್ನು ತ್ಸಿಶಿ 1880ರ ದಶಕದಲ್ಲಿ ಮತ್ತೆ ಕಟ್ಟಿಸಿದಳು. 1888ರಲ್ಲಿ ಹೊಸ ಹೆಸರನ್ನೂ ಇಟ್ಟಳು. ನೌಕಾಪಡೆಗೆಂದು ಇಟ್ಟಿದ್ದ ಹಣವೂ ಈ ಕೆಲಸಕ್ಕೆ ಹರಿಯಿತು. ಸರೋವರದ ಅಂಚಿನಲ್ಲಿ ಕಲ್ಲಿನ ಹಡಗೊಂದಿದೆ. ತಳ ಮಾತ್ರ ಕಲ್ಲು, ಮೇಲಿನ ಮಾಳಿಗೆ ಮರದ್ದು. ಅಮೃತಶಿಲೆಯಂತೆ ಕಾಣಲಿ ಎಂದು ಬಣ್ಣ ಬಳಿದದ್ದು. ಅದಾಗಿ ವರ್ಷ ಎರಡರಲ್ಲೇ ನಿಜವಾದ ಹಡಗುಗಳು ಜಪಾನಿನ ಕೈಯಲ್ಲಿ ಮುಳುಗಿದವು. ಚಿಯಾನ್‌ಲಾಂಗನ ತೋಟವನ್ನು ಉಳಿಸುತ್ತಿದ್ದೇನೆ ಎಂದು ಅವಳು ತಿಳಿದಿರಲೂಬಹುದು. ಕಟ್ಟಿದ್ದು ಮಾತ್ರ ತನ್ನ ತೋಟವನ್ನು. ಯೂಲಾನ್‌ತಾಂಗ್ ಕೂಡ ಆ ಹೊಸ ಕಟ್ಟೋಣದ್ದೇ. ಹೊಸದಾಗಿ ಕಟ್ಟಿ ಹನ್ನೆರಡು ವರ್ಷವಾಗುವಷ್ಟರಲ್ಲಿ ಅದು ಸೆರೆಮನೆಯಾಯಿತು. ಮರುಕಟ್ಟುವವರು ತಮ್ಮ ಆಸೆಯನ್ನೂ ತಮ್ಮ ಹೆದರಿಕೆಯನ್ನೂ ಒಟ್ಟಿಗೇ ಕಟ್ಟುತ್ತಾರೆ.

ಪಕ್ಕದ ಯುವಾನ್‌ಮಿಂಗ್‌ಯುವಾನ್ ಕತೆ ಬೇರೆ. ಅದನ್ನು ಹಾಳಾಗಿಯೇ ಬಿಟ್ಟಿದ್ದಾರೆ. ಮತ್ತೆ ಕಟ್ಟಬೇಕೆಂಬ ಗಲಾಟೆ ಅಲ್ಲೂ ಆಗಾಗ ಏಳುತ್ತದೆ. 2015ರಲ್ಲಿ ದಕ್ಷಿಣದ ಹೆಂಗ್‌ದಿಯಾನ್ ಎಂಬ ಸಿನಿಮಾ ಊರಿನಲ್ಲಿ ಅದರ ದೊಡ್ಡ ನಕಲನ್ನು ಕಟ್ಟಿ ಟಿಕೆಟ್ ಇಟ್ಟರು. ನಕಲಿನಲ್ಲಿ ಕಂಬಗಳು ನೆಟ್ಟಗಿವೆ. ಬೀಜಿಂಗಿನಲ್ಲಿ ಕಂಬಗಳು ನೆಲಕ್ಕೆ ಬಿದ್ದಿವೆ, ಜನ ಅಲ್ಲಿ ದನಿ ತಗ್ಗಿಸುತ್ತಾರೆ.

ಮೈಸೂರು ಅರಮನೆಯನ್ನು ಮರುಕಟ್ಟಲಿಲ್ಲವೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋಯಿತು, 1912ಕ್ಕೆ ಹೊಸದು ಮುಗಿಯಿತು. ಆದರೆ ಅದು ಹಳೆಯದರ ನಕಲಲ್ಲ. ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿ ತನ್ನ ಕಾಲದ ರುಚಿಗೆ ಕಟ್ಟಿದ ಹೊಸ ಕಟ್ಟಡ. ಒಳಗೆ ವಾಸಕ್ಕೆ ಅರಸರಿದ್ದರು, ದಸರಾ ನಡೆಸಲು ಒಂದು ಜಾಗ ಬೇಕಿತ್ತು. ಸೋದೆಯಲ್ಲಿ ಕಟ್ಟಿದರೆ ಒಳಗೆ ಇರುವವರಾರು? ಟಿಕೆಟ್ ಹರಿಯುವವನು, ಕಾವಲುಗಾರ, ಸಂಜೆಗೆ ಬಣ್ಣದ ದೀಪ. ಪ್ರವಾಸಿಗರಿಂದ ಊರಿಗೆ ಎರಡು ಕಾಸು ಬರುತ್ತದೆ ಎನ್ನುವ ವಾದವನ್ನು ನಾನು ಹಗುರ ಮಾಡುವುದಿಲ್ಲ. ಸಹಸ್ರಲಿಂಗಕ್ಕೆ ಶಿವರಾತ್ರಿಗೆ ಬರುವ ಜನ ನೋಡಿದರೆ, ಬರುವವರಿಗೆ ಅರಮನೆ ಬೇಕಿಲ್ಲ, ಶೌಚಾಲಯವೂ ದಾರಿ ಫಲಕವೂ ಬೇಕು ಎಂದು ಯಾರಿಗಾದರೂ ತಿಳಿಯುತ್ತದೆ.

ಹಾಳನ್ನು ಹಾಳಾಗಿಯೇ ಚೆನ್ನಾಗಿ ಇಡಬಹುದು. ತೀರ್ಥಹಳ್ಳಿ ತಾಲೂಕಿನ ಕವಲೇದುರ್ಗಕ್ಕೆ ಹೋಗಿ ನೋಡಿ. ಕೆಳದಿಯವರ ಅರಮನೆಯ ಗೋಡೆ ಒಂದೂ ಇಲ್ಲ. ಆದರೆ ಮಣ್ಣು ಸರಿಸಿ ತಳಪಾಯ ತೆರೆದಿಟ್ಟಿದ್ದಾರೆ. ಕಂಬ ಕೂತಿದ್ದ ಕಲ್ಲುಗಳ ಸಾಲು, ನೀರು ಹೋಗುವ ಗಟಾರ, ಅಡುಗೆ ಕೋಣೆಯ ಕಲ್ಲಿನ ಒಲೆ. ನಮ್ಮೂರ ಹೆಂಗಸರೊಬ್ಬರು ಆ ಒಲೆಯ ಮುಂದೆ ನಿಂತು, ಗಾಳಿ ಯಾವ ಕಡೆಯಿಂದ ಬರುತ್ತದೆ ನೋಡಿ, "ಹೊಗೆ ಈ ಕೋಣೆಗೇ ತುಂಬ್ತಿತ್ತು, ಪಾಪ" ಎಂದರು. ಮಾಡಿಲ್ಲದ ಮನೆಯಲ್ಲಿ ಹೊಗೆ ಕಂಡರು. ಮಾಡು ಕಟ್ಟಿಬಿಟ್ಟರೆ ಇಂಥ ನೋಟಕ್ಕೆ ಜಾಗವೇ ಇರುವುದಿಲ್ಲ. ಸೋದೆಗೆ ಬೇಕಾದದ್ದು ಇಷ್ಟು: ಪೊದೆ ಸವರುವುದು, ನೆಲವನ್ನು ತಿಳಿದವರಿಂದ ಅಗೆಸುವುದು, ಸಿಕ್ಕ ಗೆರೆಗಳನ್ನು ಹಾಗೇ ಇಡುವುದು.

ಹಾಗಾದರೆ ಕಾಳಜಿ ಎಲ್ಲಿ ಬೇಕು? ನಮ್ಮ ಅಂಗಳಗಳಲ್ಲಿ. ಅರಮನೆಯ ಕಟ್ಟೋಣದ ಜ್ಞಾನ ಅರಮನೆಯ ಜೊತೆಗೆ ಸತ್ತಿಲ್ಲ, ಅದು ಅಡಿಕೆ ಬೆಳೆಗಾರರ ಮನೆಗಳಲ್ಲಿ ಉಳಿದುಕೊಂಡಿದೆ. ಹೆಬ್ಬಾಗಿಲು, ಜಗಲಿ, ಕೆತ್ತಿದ ಕಂಬ, ಮೆತ್ತು, ಎದುರಿಗೆ ಅಂಗಳ. ಈ ಮೂರು ತಾಲೂಕುಗಳಲ್ಲಿ ಯಾವ ಕಣಿವೆಗೆ ಇಳಿದರೂ ತೋಟದ ನೆತ್ತಿಯ ಮೇಲೆ ಇದೇ ವಿನ್ಯಾಸ ಸಿಗುತ್ತದೆ. ಉಳಿದದ್ದಕ್ಕೆ ಕಾರಣ ಭಕ್ತಿಯಲ್ಲ, ಕೆಲಸ. ಮಳೆ ನಿಂತು ದೀಪಾವಳಿ ಕಳೆದ ಮೇಲೆ ಅಂಗಳದ ಪಾಚಿ ಹೆರೆಯಬೇಕು. ಮಣ್ಣು ಹಾಕಿ, ನೀರು ಚಿಮುಕಿಸಿ, ಮಣೆಯಲ್ಲಿ ಬಡಿದು ಸಪಾಟು ಮಾಡಬೇಕು, ಆದರೆ ಪೂರ್ತಿ ಸಪಾಟಲ್ಲ. ಒಂದು ಮೂಲೆಗೆ ಕಣ್ಣಿಗೆ ಕಾಣದಷ್ಟು ಇಳಿಜಾರು ಬಿಡಬೇಕು. ಮೇಲೆ ಸಗಣಿ ಸಾರಿಸಬೇಕು. ಅಡಿಕೆ ದಬ್ಬೆಯ ಅಟ್ಟ ಏಳಬೇಕು. ಕೊನೆಗೌಡ ಮರ ಹತ್ತಿದ ದಿನದಿಂದ ಮೂರ್ನಾಲ್ಕು ತಿಂಗಳು ಅಂಗಳಕ್ಕೆ ಬಿಡುವಿಲ್ಲ. ಹಗಲು ಅಡಿಕೆಗೆ, ಇಳಿಹೊತ್ತು ಮಕ್ಕಳಿಗೆ, ರಾತ್ರಿ ಜಗಲಿಯಲ್ಲಿ ತಾಳಮದ್ದಳೆಯಾದರೆ ಕೇಳುವವರಿಗೆ. ಅದೇ ನೆಲಕ್ಕೆ ಚಪ್ಪರ ಹಾಕಿದರೆ ಮದುವೆಯ ಊಟದ ಹಂತಿ. ಯೂಲಾನ್‌ತಾಂಗಿನಲ್ಲಿ ಒಂದೊಂದು ಕೋಣೆಗೆ ಒಂದೊಂದು ಪದವಿ, ಅದಕ್ಕೇ ಪದವಿ ಹೋದ ದಿನ ಕೋಣೆಯೂ ಸತ್ತಿತು. ನಮ್ಮ ಅಂಗಳಕ್ಕೆ ಪದವಿಯೇ ಇರಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಸುಳ್ಳು ಹೇಳಿದಂತೆ. ಅಂಗಳಕ್ಕೆ ಕಲ್ಲಿನ ಗೋಡೆ ಇಲ್ಲದ ಕಾಲದಲ್ಲೂ ಗೋಡೆ ಇತ್ತು. ಕೆಲಸಕ್ಕೆ ಬಂದವರು ಅಂಗಳದವರೆಗೆ, ಜಗಲಿ ಹತ್ತುವಂತಿಲ್ಲ. ಅವರ ಚಹಾದ ಲೋಟ ಮಾಡಿನ ಸಂದಿಯಲ್ಲಿ ಬೇರೆಯೇ. ಗೇಣಿ ಭತ್ತ ಅಳೆಯುತ್ತಿದ್ದದ್ದು ಇಂಥ ಅಂಗಳಗಳಲ್ಲೇ. ಪಕ್ಕದ ಸಾಗರ ಸೀಮೆಯ ಕಾಗೋಡಿನಲ್ಲಿ 1951ರಲ್ಲಿ ರೈತರು ಎದ್ದು ನಿಂತದ್ದು ಆ ಅಳತೆಯ ಕೊಳಗದ ಮೇಲೆಯೇ. 1974ರ ಭೂಸುಧಾರಣೆ ಕಾಯ್ದೆ ಗೇಣಿಯನ್ನು ತೆಗೆಯಿತು. ಅಂಗಳದಲ್ಲಿ ನಿಲ್ಲುವ ರೀತಿ ಅದರಿಂದ ಬದಲಾಯಿತೇ ಹೊರತು ನಮ್ಮ ಒಳ್ಳೆಯತನದಿಂದಲ್ಲ. ಹೆಂಗಸರಿಗೂ ಅಷ್ಟೆ. ತಿಂಗಳ ಮೂರು ದಿನ ಹೊರಗೆ ಕೂರುವ ಮೂಲೆ ಯಾವುದೆಂದು ಹಳೆಯ ಮನೆಗಳಲ್ಲಿ ಇಂದಿಗೂ ತೋರಿಸಬಹುದು. ಆದರೆ ಅದೇ ಹೆಂಗಸರು 1932ರ ಕರನಿರಾಕರಣೆಯಲ್ಲಿ, ಸಿದ್ದಾಪುರದ ಮಾವಿನಗುಂಡಿಯಲ್ಲಿ, ಮುಟ್ಟುಗೋಲಾದ ಆಸ್ತಿ ಕೊಂಡವರ ಮನೆ ಮುಂದೆ ಉಪವಾಸ ಕೂತರು. ತಮ್ಮ ಹೆಬ್ಬಾಗಿಲು ದಾಟದವರು ಹೋಗಿ ಬೇರೆಯವರ ಅಂಗಳ ಹಿಡಿದರು. ಯಲ್ಲಾಪುರದ ಕಾಡಿನ ಸಿದ್ದಿಯರ ಮನೆಗಳಿಗೆ ಕೆತ್ತಿದ ಕಂಬವಿಲ್ಲ, ಮೆತ್ತಿಲ್ಲ. ಸಾರಿಸಿದ ಅಂಗಳವಿದೆ, ಡಮಾಮಿ ಬಡಿದರೆ ಆ ಅಂಗಳ ತುಂಬುತ್ತದೆ. ಪಾರಂಪರಿಕ ಮನೆ ಎಂದರೆ ಬೀಟೆಯ ಕಂಬವಿರುವ ಮನೆ ಎಂದು ಲೆಕ್ಕ ಹಾಕುವವರು ಈ ಅಂಗಳಗಳನ್ನು ಪಟ್ಟಿಗೆ ಸೇರಿಸುವುದೇ ಇಲ್ಲ.

ಆದ್ದರಿಂದ ನಾನು ಉಳಿಸಬೇಕು ಎನ್ನುವುದು ಹಳೆಯ ಮನೆಯನ್ನು ಗಾಜಿನ ಪೆಟ್ಟಿಗೆಯಲ್ಲಿಡುವ ಅರ್ಥದಲ್ಲಲ್ಲ. ವಿಜಯನಾಥ ಶೆಣೈಯವರು ಮಣಿಪಾಲದಲ್ಲಿ ಕಟ್ಟಿದ ಪಾರಂಪರಿಕ ಗ್ರಾಮದ ಬಗ್ಗೆ ನನಗೆ ಗೌರವವಿದೆ. ಬೀಳಲಿದ್ದ ಮನೆಗಳನ್ನು ಅವರು ಬಿಚ್ಚಿ ತಂದು ಜೋಡಿಸದಿದ್ದರೆ ಆ ಕಂಬಗಳು ಯಾವುದೋ ರೆಸಾರ್ಟಿನ ಬಾರಿಗೆ ಸೇರುತ್ತಿದ್ದವು. ಆದರೂ ಅಲ್ಲಿ ಬಚ್ಚಲ ಒಲೆ ಉರಿಯುವುದಿಲ್ಲ, ಅಂಗಳದಲ್ಲಿ ಅಡಿಕೆ ಒಣಗುವುದಿಲ್ಲ. ಕೊನೆಯ ದಾರಿ ಅದು, ಮೊದಲ ದಾರಿಯಲ್ಲ.

ಈಗ ಆಗುತ್ತಿರುವುದೇನು? ಮಕ್ಕಳು ಬೆಂಗಳೂರಿನಲ್ಲಿ, ಮನೆಯಲ್ಲಿ ಇಬ್ಬರು ಮುದುಕರು. ವರ್ಷಕ್ಕೊಮ್ಮೆ ಅಂಗಳ ಮಾಡಲು ಆಳು ಸಿಗುವುದಿಲ್ಲ, ಸಾರಿಸಲು ಸೊಂಟ ಬಗ್ಗುವುದಿಲ್ಲ. ಅದಕ್ಕೆ ಕಾಂಕ್ರೀಟ್, ಇಲ್ಲವೇ ಇಂಟರ್‌ಲಾಕ್, ಮೇಲೆ ತಗಡಿನ ಶೀಟು. ಇದನ್ನು ಹಳಿಯಲು ನನಗೆ ಬಾಯಿಲ್ಲ. ಸಾರಿಸಿದವನು ನಾನಲ್ಲ, ಅಮ್ಮ. ನಮ್ಮ ಪಕ್ಕದ ಮನೆಯ ಅತ್ತೆ ಮಾತ್ರ ಕಾಂಕ್ರೀಟ್ ಹಾಕಿಸಿದ ಎರಡನೇ ವರ್ಷ ಹೇಳಿದ್ದರು: "ಬ್ಯಾಸ್ಗೆಲಿ ಸುಡ್ತು, ಮಳ್ಗಾಲದಲ್ಲಿ ಜಾರ್ತು. ಅಂಗಳ ಹೇಳಿ ಹೆಸ್ರು ಮಾತ್ರ ತಮಾ." ನೀರು ಕುಡಿಯದ ನೆಲ ಮನೆಯ ಒಳಗೂ ಕಾವು ತಳ್ಳುತ್ತದೆ. ಜೋರು ಮಳೆಗೆ ಆ ನೀರೆಲ್ಲ ಒಮ್ಮೆಗೇ ತೋಟಕ್ಕೆ ನುಗ್ಗುತ್ತದೆ. ಸಂದಿಯಲ್ಲಿ ಮಣ್ಣು ಬಿಟ್ಟು ಚಿರೆಕಲ್ಲು ಹಾಸಿದರೆ ನೀರೂ ಇಂಗುತ್ತದೆ, ಬೆನ್ನೂ ಉಳಿಯುತ್ತದೆ. ಕೆಲವರು ಹಾಗೆ ಮಾಡಿದ್ದಾರೆ. ಸೋದೆಯಲ್ಲಿ ಅರಮನೆ ಕಟ್ಟುವ ಹಣ ಯಾವತ್ತಾದರೂ ಬಂದರೆ, ಹಂಚಿನ ಮಾಡು ರಿಪೇರಿ ಬಲ್ಲ ನಾಲ್ಕು ಬಡಗಿಗಳಿಗೆ, ಇಂಥ ಅಂಗಳ ಮಾಡುವವರಿಗೆ, ಬಡವರ ಮನೆಯ ಮುಂದೂ ಹಾಗೆ ಮಾಡಿಕೊಡಲಿಕ್ಕೆ ಅದು ಹೋಗಲಿ ಎನ್ನುತ್ತೇನೆ. ಅದಕ್ಕೆ ರಿಬ್ಬನ್ ಕತ್ತರಿಸುವ ಸಮಾರಂಭ ಆಗುವುದಿಲ್ಲ ಎಂಬುದೇ ತೊಡಕು.

ನಮ್ಮ ಗೋಡೆಯ ಕತೆ ಬಾಕಿ ಇದೆ. ಎದೆಯೆತ್ತರದ ಗೋಡೆ, ಎರಡೂ ಮನೆಯವರು ಅದನ್ನು ನೋಡಿಯೂ ನೋಡದಂತೆ ಇಪ್ಪತ್ತು ವರ್ಷ ಕಳೆದರು. ತಗಾದೆ ತೆಗೆದದ್ದು ಅಡಿಕೆ. ಚಳಿಗಾಲದಲ್ಲಿ ಸೂರ್ಯ ವಾಲಿಕೊಂಡು ಹೋಗುವಾಗ ಗೋಡೆಯ ನೆರಳು ಬೆಳಿಗ್ಗೆ ನಮ್ಮ ಕಡೆ, ಮಧ್ಯಾಹ್ನದ ಮೇಲೆ ಚಿಕ್ಕಪ್ಪನ ಕಡೆ. ನೆರಳಿನಲ್ಲಿ ಬಿದ್ದ ಚಾಲಿ ಎರಡೂ ಮನೆಯಲ್ಲಿ ಬೂಸ್ಟು ಹಿಡಿಯಿತು, ಮಂಡಿಯಲ್ಲಿ ದರ ಇಳಿಯಿತು. ಒಂದು ಬೆಳಿಗ್ಗೆ ಚಿಕ್ಕಪ್ಪನ ಮಗ ಹಾರೆ ಹಿಡಿದು ಬಂದು, ಅಣ್ಣಾ ಆ ಕಡೆ ಹಿಡ್ಕೊ ಎಂದ. ಮೇಲಿನ ಮೂರು ವರಸೆ ಕಲ್ಲು ತೆಗೆದೆವು. ಉಳಿದ ಗೋಡೆ ಈಗ ಮೊಣಕಾಲೆತ್ತರವಿದೆ. ಕೊಯ್ಲಿನ ಕಾಲದಲ್ಲಿ ಎರಡೂ ಮನೆಯವರು ಅದರ ಮೇಲೆ ಕೂತು ಅಡಿಕೆ ಸುಲಿಯುತ್ತೇವೆ, ಆಚೆ ಒಂದು ಕಾಲು, ಈಚೆ ಒಂದು ಕಾಲು.